ನಕಲು ವಿಭಾಗದ ಅಕ್ಕ

ನನ್ನ ಅಕ್ಕನ ಬಲಗೈ ಒಂದು ಸಿನಿಮಾದಲ್ಲಿ ನಾಲ್ಕು ನಿಮಿಷ ಹನ್ನೆರಡು ಸೆಕೆಂಡು ಕಾಣಿಸುತ್ತದೆ. ಮುಖ ಎಲ್ಲಿಯೂ ಕಾಣಿಸುವುದಿಲ್ಲ. ಚಿತ್ರಮಂದಿರದಲ್ಲಿ ಕೈಗಡಿಯಾರ ನೋಡಿಕೊಂಡು ಈ ಅವಧಿಯನ್ನು ಎರಡು ಸಲ ಪರೀಕ್ಷಿಸಿ ದಿನಚರಿಯಲ್ಲಿ ಬರೆದುಕೊಂಡಿದ್ದೇನೆ. ಅಕ್ಕನಿಗೆ ಹೇಳಿದಾಗ ಅವಳು, "ಮೂವತ್ಮೂರು ವರ್ಷ ಬರೆದಾಗ ಯಾರೂ ನೋಡ್ಲಿಲ್ಲ. ನಾಲ್ಕು ನಿಮಿಷ ಜಾಸ್ತಿನೇ ಆಯ್ತು ಬಿಡು," ಎಂದಳು.

ಅವಳು ದಾಖಲೆ ಕಛೇರಿಯ ನಕಲು ವಿಭಾಗಕ್ಕೆ ಸೇರಿದ್ದು ಇಪ್ಪತ್ತನೆಯ ವಯಸ್ಸಿನಲ್ಲಿ, ಅಮ್ಮ ತೀರಿಕೊಂಡ ವರ್ಷ. ಅಪ್ಪ ಅದಕ್ಕೂ ಮೊದಲೇ ಹೋಗಿದ್ದರು. ನನಗಾಗ ಹದಿನಾಲ್ಕು. ಹಳೆಯ ದಸ್ತಾವೇಜುಗಳ ಕಾಗದವನ್ನು ಜೆರಾಕ್ಸ್ ಯಂತ್ರದ ಗಾಜಿನ ಮೇಲೆ ಮಗುಚಿ ಒತ್ತಿದರೆ ಅಂಚು ಪುಡಿಯಾಗಿ ಉದುರುತ್ತದೆ. ಅಂಥವನ್ನು ಕೈಯಿಂದಲೇ ನಕಲು ಮಾಡಬೇಕು. ವಿಭಾಗದಲ್ಲಿ ಇದ್ದದ್ದು ಎರಡೇ ನಿಯಮ. ಅಸಲಿನಲ್ಲಿ ಏನಿದೆಯೋ ಅದನ್ನೇ ಬರೆಯಬೇಕು, ಅಲ್ಲಿ ತಪ್ಪಿದ್ದರೆ ಆ ತಪ್ಪೂ ಸೇರಿ. ನಕಲು ಮಾಡುವವರ ಕೈ ತಪ್ಪಿದರೆ ಹೊಡೆದುಹಾಕಿ ತಿದ್ದುವ ಹಾಗಿಲ್ಲ. ಹಾಳೆಯನ್ನು ಹರಿದು ಮೊದಲಿನಿಂದ ಬರೆಯಬೇಕು. ಎಲ್ಲ ಮುಗಿದ ಮೇಲೆ ಹಾಳೆಯ ಎಡ ಕೆಳಮೂಲೆಯಲ್ಲಿ 'ನಕಲು ಸರಿಯಿದೆ' ಎಂದು ಬರೆದು ಸಣ್ಣ ಸಹಿ ಹಾಕಬೇಕು. ಎಲ್ಲರೂ ಬಾಲ್‌ಪೆನ್ನಿಗೆ ಬದಲಾದ ಮೇಲೂ ಅಕ್ಕ ಟಾಕು ಎಂಬ ಲೋಹದ ಮೊನೆ ಸಿಕ್ಕಿಸಿದ ಹಿಡಿಯಲ್ಲಿ, ಮಸಿಯಲ್ಲಿ ಅದ್ದಿಯೇ ಬರೆಯುತ್ತಿದ್ದಳು. ಆದ್ದರಿಂದ ಕಛೇರಿಯಲ್ಲಿ ಅವಳಿಗೆ 'ಟಾಕಕ್ಕ' ಎಂದು ಹೆಸರು ಬಿತ್ತು. ಆ ಹೆಸರಿಗೆ ಅವಳು ಒಂದು ದಿನವೂ ಮುಖ ಸಿಂಡರಿಸಿದ್ದಿಲ್ಲ.

ನಾನು ಕಾಲೇಜಿಗೆ ಸೇರಿದಾಗ ಭೌತಶಾಸ್ತ್ರದ ಒಂದು ಪುಸ್ತಕ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ಗ್ರಂಥಾಲಯದಲ್ಲಿ ಇದ್ದ ಒಂದೇ ಪ್ರತಿಯನ್ನು ವಾರಕ್ಕೊಮ್ಮೆ ಎರವಲು ತಂದು, ಅಕ್ಕ ಮುನ್ನೂರ ಹನ್ನೆರಡು ಪುಟಗಳನ್ನೂ ನನಗಾಗಿ ನಕಲು ಮಾಡಿಕೊಟ್ಟಳು. ನೂರ ಏಳನೆಯ ಪುಟ ಮೂಲದಲ್ಲಿ ಅರ್ಧ ಹರಿದುಹೋಗಿತ್ತು. ಅವಳ ಪ್ರತಿಯಲ್ಲಿಯೂ ಅಲ್ಲಿ ಅಷ್ಟೇ ಜಾಗ, ಅದೇ ಓರೆಯಲ್ಲಿ, ಖಾಲಿ ಇದೆ. ಪುಸ್ತಕ ಈಗಲೂ ನನ್ನ ಬಳಿ ಇದೆ.

ಹೋದ ವರ್ಷ ವಿಭಾಗವನ್ನು ಮುಚ್ಚಿದರು. ಹಳೆಯ ಕಾಗದವನ್ನು ಮುಟ್ಟದೆ ಮೇಲಿನಿಂದಲೇ ಚಿತ್ರ ತೆಗೆಯುವ ಯಂತ್ರ ಬಂದಿತ್ತು. ಇಳಿಜಾರು ಹಲಗೆಯ ತನ್ನ ಮೇಜನ್ನು ಕಛೇರಿಯವರನ್ನು ಕೇಳಿ ಪಡೆದ ಅಕ್ಕ, ಅದನ್ನು ಮನೆಗೆ ತಂದು ತನ್ನ ಕೋಣೆಯ ಕಿಟಕಿಯ ಕೆಳಗೆ ಹಾಕಿಕೊಂಡಳು. ಆಮೇಲೆ ಅದರ ಮುಂದೆ ಕೈಕಟ್ಟಿ ಕುಳಿತಳು.

"ಡೈರಿ ಬರೀರಿ ಅತ್ತಿಗೆ, ನಿಮ್ಮ ತಮ್ಮನ ಹಾಗೆ," ಎಂದು ನನ್ನ ಹೆಂಡತಿ ಹೇಳಿದಳು.

"ನೋಡ್ಕೊಂಡು ಬರೆಯೋಕೆ ಎದುರಿಗೆ ಏನೂ ಇಲ್ದೆ ಹೇಗಮ್ಮ ಬರೆಯೋದು?" ಎಂದು ಅಕ್ಕ ಕೇಳಿದಳು. ತಮಾಷೆಗೆ ಕೇಳಿದ್ದಲ್ಲ.

ಸಿನಿಮಾದವರು ಬಂದದ್ದು ಇಂಥ ದಿನಗಳಲ್ಲಿ. ಎಪ್ಪತ್ತು ವರ್ಷ ಹಿಂದಿನ ಕಥೆ. ಒಬ್ಬ ಲೇಖಕಿ, ಒಬ್ಬ ಚಿತ್ರಕಾರ. ಒಂದೇ ಬೀದಿಯಲ್ಲಿ ಎದುರುಬದುರು ಮನೆ. ಮೂವತ್ತು ವರ್ಷ ಅವರು ಮದುವೆಯಾಗಲಿಲ್ಲ, ಒಂದೇ ಮನೆಯಲ್ಲಿ ಇರಲೂ ಇಲ್ಲ, ಬಿಟ್ಟುಹೋಗಲೂ ಇಲ್ಲ. ಬೆಳಗ್ಗೆ ಆಕೆ ಒಂದು ಹಾಳೆಯ ಒಂದು ಮೈಗೆ ಬರೆದು ಕಳಿಸುವುದು, ಸಂಜೆ ಆತ ಇನ್ನೊಂದು ಮೈಗೆ ಚಿತ್ರ ಬರೆದು ಹಿಂದಿರುಗಿಸುವುದು. ಬೀದಿಯವರೆಲ್ಲ ಮೂಗು ತೂರಿಸಿದರೂ ಅವರ ನಡುವಿನ ಏರ್ಪಾಡು ಇಷ್ಟೇ. ಲೇಖಕಿಯ ಪಾತ್ರದ ನಟಿ ಟಾಕು ಹಿಡಿದರೆ ಕಾಗದದ ತುಂಬ ಮಸಿ. ಚಿತ್ರಕಾರ ಎಡಚ, ನಟ ಬಲಗೈಯವ. ಹಾಗಾಗಿ ಎರಡು ಕೈಗಳು ಬೇಕಾಗಿದ್ದವು. ಒಂದನ್ನು ಹುಡುಕಿಕೊಂಡು ದಾಖಲೆ ಕಛೇರಿಗೆ ಹೋದವರನ್ನು ಅಲ್ಲಿಯವರು ನಮ್ಮ ಮನೆಗೆ ಕಳಿಸಿದರು. ಇನ್ನೊಂದು ಕೈ ನಮ್ಮಿಂದ ಮೂರು ಬೀದಿಯಾಚೆ ಅಂಗಡಿ ಇಟ್ಟುಕೊಂಡಿದ್ದ ಬೋರ್ಡ್ ಪೇಂಟರರದು.

ಪೇಂಟರರನ್ನು ನಾನು ಮೊದಲು ಕಂಡದ್ದು ಚಿತ್ರೀಕರಣದ ಮೊದಲನೆಯ ದಿನ. ಅಕ್ಕನ ಜೊತೆಗೆಂದು ರಜೆ ಹಾಕಿ ಹೋಗಿದ್ದೆ. ವಯಸ್ಸು ನಲವತ್ತೇಳು, ನನಗಿಂತ ಒಂದು ವರ್ಷ ಚಿಕ್ಕವರು. ಹೆಂಡತಿ ತೀರಿಹೋಗಿ ಒಂಬತ್ತು ವರ್ಷವಾಗಿತ್ತು. ಅಂಗಡಿ ಬೋರ್ಡುಗಳನ್ನು ಈಗ ಯಂತ್ರವೇ ಮುದ್ರಿಸುವುದರಿಂದ ಅವರಿಗೆ ಉಳಿದಿದ್ದ ಕೆಲಸ ಗಾಜಿನ ಬಾಗಿಲುಗಳ ಮೇಲೆ ಹೆಸರು ಬರೆಯುವುದು. ಬಣ್ಣ ಮಳೆಗಾಳಿಗೆ ಸಿಗದಿರಲೆಂದು ಅದನ್ನು ಗಾಜಿನ ಒಳಬದಿಯಿಂದ, ತಿರುಗುಮುರುಗಾಗಿ ಬರೆಯಬೇಕಂತೆ.

ಅಂದಿನ ದೃಶ್ಯ ಸರಳವಾಗಿತ್ತು. ನಟಿಯ ಹಿಂದೆ ಮೋಟು ಸ್ಟೂಲಿನ ಮೇಲೆ ಕುಳಿತು, ಅವಳದೇ ಬಟ್ಟೆಯ ತೋಳು ತೊಟ್ಟ ತನ್ನ ಕೈಯನ್ನು ಅವಳ ಕಂಕುಳ ಕೆಳಗಿನಿಂದ ಮುಂದೆ ಚಾಚಿ ಅಕ್ಕ ಒಂದು ಪ್ರೇಮಪತ್ರ ಬರೆಯಬೇಕು.

"ಬರೀತಾ ಹೋಗಿ ಅಕ್ಕ, ನಾನು ಕಟ್ ಅನ್ನೋವರೆಗೂ ಕೈ ನಿಲ್ಲಿಸ್ಬೇಡಿ," ಎಂದು ನಿರ್ದೇಶಕಿ ಹೇಳಿದರು.

ಪತ್ರದಲ್ಲಿ ಇದ್ದದ್ದು ಹನ್ನೆರಡು ಸಾಲು. ಅಕ್ಕ ಹನ್ನೆರಡನ್ನೂ ಬರೆದಳು. ಕಟ್ ಎಂಬ ಮಾತು ಬರಲಿಲ್ಲ. ಕೈ ನಿಲ್ಲಿಸುವಂತಿಲ್ಲ. ಆ ಕೈ ತನಗೆ ಗೊತ್ತಿದ್ದ ದಾರಿ ಹಿಡಿದು ಹಾಳೆಯ ಎಡ ಕೆಳಮೂಲೆಗೆ ಹೋಗಿ 'ನಕಲು ಸರಿಯಿದೆ' ಎಂದು ಬರೆದು ಸಣ್ಣ ಸಹಿಯನ್ನೂ ಹಾಕಿಬಿಟ್ಟಿತು.

ಕ್ಯಾಮೆರಾ ಹಿಂದಿದ್ದವರು ಮೊದಲು ನಕ್ಕರು. ನಟಿಗೆ ನಗು ತಡೆಯಲಾಗದೆ ಭುಜ ಅಲುಗಿತು, ಮಸಿ ಚೆಲ್ಲಿತು. ಅಕ್ಕನ ಮುಖ ಕೆಂಪಾಯಿತು. ಗೋಡೆಗೆ ಒರಗಿ ಬಣ್ಣ ಕಲಸುತ್ತಿದ್ದ ಪೇಂಟರರು ಮಾತ್ರ ಗಂಭೀರವಾಗಿ ಕೇಳಿದರು:

"ನಕಲು ಸರಿಯಿದೆ, ಒಪ್ಕೊಂಡೆ ಮೇಡಂ. ಇದರ ಅಸಲು ಎಲ್ಲಿದೆ?"

ಅಕ್ಕ ತಲೆ ಎತ್ತದೆಯೇ ಉತ್ತರ ಕೊಟ್ಟಳು. "ಅಸಲು ಕಪಾಟಿನಲ್ಲಿರುತ್ತೆ. ನೋಡ್ಬೇಕು ಅಂದ್ರೆ ಅರ್ಜಿ ಹಾಕ್ಬೇಕು."

"ಯಾರಿಗೆ ಹಾಕ್ಬೇಕು?"

"ನಕಲು ವಿಭಾಗಕ್ಕೆ. ಆದ್ರೆ ಅದು ಮುಚ್ಚಿಹೋಗಿದೆ."

ನಕ್ಕವರೆಲ್ಲ ಮತ್ತೊಮ್ಮೆ ನಕ್ಕರು. ಈ ಸಲ ಅಕ್ಕನೂ ಸೇರಿದಳು.

ಹನ್ನೊಂದು ದಿನ ಚಿತ್ರೀಕರಣ ನಡೆಯಿತು. ಕೊನೆಯ ದಿನ ನಾನು ಮತ್ತೆ ಹೋಗಿದ್ದೆ, ನನ್ನ ಹೆಂಡತಿಯೂ ಬಂದಿದ್ದಳು. ಮೂವತ್ತು ವರ್ಷ ಬೀದಿಯ ಎರಡು ಬದಿಯಲ್ಲಿ ಬದುಕಿದವರು ಒಂದೇ ಒಂದು ದಿನ ಒಂದೇ ಮೇಜಿಗೆ ಕುಳಿತು ಒಂದೇ ಹಾಳೆಯ ಮೇಲೆ ಕೆಲಸ ಮಾಡುವ ದೃಶ್ಯ ಅದು. ಅಕ್ಕನ ಬಲಕ್ಕೆ ಪೇಂಟರರು ಕುಳಿತರು. ಅವಳದು ಬಲಗೈ, ಅವರದು ಎಡಗೈ. ಎರಡೂ ಮೊಳಕೈ ನಡುವೆ ಬಂದು ಒಂದಕ್ಕೊಂದು ತಾಗಿದವು. ಅವಳು ಸಾಲು ಎಳೆದಾಗ ಅವರ ಕುಂಚ ಜಾರಿತು, ಅವರು ಕುಂಚ ಎಳೆದಾಗ ಅವಳ ಅಕ್ಷರ ಸೊಟ್ಟಗಾಯಿತು. ಮೂರು ಹಾಳೆ ಹಾಳಾದವು.

"ಜಾಗ ಬದಲಾಯಿಸ್ಕೊಳ್ತೀರಾ?" ಎಂದು ನಿರ್ದೇಶಕಿ ಕೇಳಿದರು.

"ಬೇಡ, ತಾಳಿ," ಎಂದು ಇಬ್ಬರೂ ಒಟ್ಟಿಗೇ ಹೇಳಿದರು.

ನಾಲ್ಕನೆಯ ಹಾಳೆಯಲ್ಲಿ ಅವರಿಬ್ಬರೂ ಒಂದು ಉಪಾಯ ಕಂಡುಕೊಂಡರು. ಅದನ್ನು ಬಾಯಿಬಿಟ್ಟು ಮಾತಾಡಿಕೊಂಡದ್ದು ನನಗೆ ಕೇಳಿಸಲಿಲ್ಲ. ಅಕ್ಕ ಟಾಕನ್ನು ಮಸಿಗೆ ಅದ್ದಲು ಕೈ ಹಿಂದಕ್ಕೆ ತೆಗೆದಾಗ ಅವರು ಎಳೆಯುತ್ತಿದ್ದರು. ಅವರು ಕುಂಚವನ್ನು ಬಣ್ಣಕ್ಕೆ ಅದ್ದುವಾಗ ಅವಳು ಬರೆಯುತ್ತಿದ್ದಳು. ಒಂದು ಕೈ ಹಿಂದೆ, ಒಂದು ಕೈ ಮುಂದೆ. ಸ್ವಲ್ಪ ಹೊತ್ತಿಗೆ ಎರಡು ಕೈಗಳ ಉಸಿರು ಒಂದೇ ಆದಂತೆ ಕಂಡಿತು. ನಿರ್ದೇಶಕಿ ಕಟ್ ಎಂದರು. ಇಬ್ಬರೂ ಕೈ ನಿಲ್ಲಿಸಲಿಲ್ಲ. ಹಾಳೆಯಲ್ಲಿ ಜಾಗ ಮುಗಿದ ಮೇಲೆಯೇ ಅವರು ನಿಲ್ಲಿಸಿದ್ದು.

ಮನೆಗೆ ಬರುವಾಗ ನನ್ನ ಹೆಂಡತಿ ಮೆಲ್ಲಗೆ ಹೇಳಿದಳು: "ಅಲ್ಲಿ ಲೈಟಿನವರಿಂದ ಹಿಡಿದು ಎಲ್ಲರಿಗೂ ಅತ್ತಿಗೆ 'ಅಕ್ಕ'. ಆ ಪೇಂಟರ್ ಒಬ್ರಿಗೆ ಮಾತ್ರ 'ಮೇಡಂ'. ಗಮನಿಸಿದ್ರಾ?"

ನಾನು ಗಮನಿಸಿರಲಿಲ್ಲ.

ಆಮೇಲೆ ಪೇಂಟರರು ದಿನವೂ ಸಂಜೆ ಐದಕ್ಕೆ ನಮ್ಮ ಗೇಟಿಗೆ ಬರತೊಡಗಿದರು. ಕೈಯಲ್ಲಿ ಸುರುಳಿ ಸುತ್ತಿದ ಕಾಗದ. ಯಾವುದೋ ವೈದ್ಯರ ಬಾಗಿಲಿನದೋ ವಕೀಲರ ಬಾಗಿಲಿನದೋ ಹೆಸರಿನ ನಕ್ಷೆ. "ಅಕ್ಷರದ ನಡುವೆ ಅಂತರ ಸರಿಯಿದೆಯಾ ನೋಡಿ ಮೇಡಂ," ಎನ್ನುವರು. ಅಕ್ಕ ಕನ್ನಡಕ ಏರಿಸಿ ನೋಡಿ, "ಮೂರನೇದು ಉಸಿರುಗಟ್ಟಿದೆ, ಸ್ವಲ್ಪ ಸರಿಸಿ," ಎನ್ನುವಳು. ಅಷ್ಟಕ್ಕೆ ಐದು ನಿಮಿಷ ಸಾಕು. ಅವರು ಹಿಂದಿರುಗುವಾಗ ಐದೂ ಐವತ್ತು ಆಗಿರುತ್ತಿತ್ತು. ಇದನ್ನು ನಾನು ಬರೆದಿಟ್ಟಿದ್ದೇನೆ.

ಹತ್ತೊಂಬತ್ತನೆಯ ದಿನ ಸುರುಳಿಯ ಒಳಗೆ ಬೇರೆ ಕಾಗದವಿತ್ತು. ಅಕ್ಕ ಅದನ್ನು ಓದಿ, ಮಡಿಸದೆ ತಂದು, ನಾವು ಕಾಫಿ ಕುಡಿಯುತ್ತಿದ್ದ ಮೇಜಿನ ಮೇಲೆ ಇಟ್ಟಳು. ಬೋರ್ಡಿನ ದಪ್ಪ ಅಕ್ಷರಗಳಲ್ಲಿ ಹೀಗೆ ಬರೆದಿತ್ತು:

'ನಕಲು ವಿಭಾಗಕ್ಕೆ ಅರ್ಜಿ. ವಿಷಯ: ಮೇಲಿನ ಕೋಣೆ. ನನ್ನ ಅಂಗಡಿಯ ಮೇಲಿನ ಕೋಣೆ ಖಾಲಿಯಾಗಿದೆ. ಬೆಳಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ಒಳ್ಳೆಯ ಬೆಳಕು. ಮೆಟ್ಟಿಲು ಬೇರೆ, ಬಾಗಿಲು ಬೇರೆ. ಬೀಗದಕೈ ಒಂದೇ, ಅದು ನಿಮ್ಮ ಬಳಿ ಇರುತ್ತದೆ. ನಾನು ಅಂಗಡಿಯ ಹಿಂದಿನ ಮನೆಯಲ್ಲಿ ಇರುತ್ತೇನೆ. ಮದುವೆಯ ಮಾತು ಎತ್ತುತ್ತಿಲ್ಲ. ಅದು ನನಗೆ ಒಮ್ಮೆ ಆಗಿತ್ತು, ಚೆನ್ನಾಗಿಯೇ ಇತ್ತು. ನಿಮ್ಮನ್ನು ನೋಡದ ದಿನ ನನ್ನ ಅಕ್ಷರ ನೆಟ್ಟಗೆ ಬರುತ್ತಿಲ್ಲ. ನಿಮ್ಮ ಪಕ್ಕದಲ್ಲಿ ಕುಳಿತು ಕೆಲಸ ಮಾಡಬೇಕೆಂಬುದು ಕೋರಿಕೆ. ಅರ್ಜಿ ತಿರಸ್ಕರಿಸಿದರೆ ಕಾರಣ ಕೊಡಬೇಕಾಗಿಲ್ಲ. ಗಡಿಯಾರ ರಿಪೇರಿಯವರೊಬ್ಬರು ಕೋಣೆ ಕೇಳುತ್ತಿರುವುದರಿಂದ ತಿಂಗಳ ಕೊನೆಯ ಭಾನುವಾರ ಸಂಜೆಯೊಳಗೆ ಉತ್ತರ ಬೇಕು.'

"ನಂಗೇನೂ ಆಶ್ಚರ್ಯ ಇಲ್ಲ," ಎಂದು ನನ್ನ ಹೆಂಡತಿ ಲೋಟ ತೊಳೆಯಲು ಎದ್ದಳು.

ನನಗೆ ಆಶ್ಚರ್ಯವಾಗಿತ್ತು. "ಅಕ್ಕ, ಅವರು ನಿನಗಿಂತ ಏಳು ವರ್ಷ ಚಿಕ್ಕವರು," ಎಂದೆ.

"ನಿನಗಿಂತ ಒಂದೇ ವರ್ಷ. ನಿನ್ನ ಜೊತೆ ನಲವತ್ತೆಂಟು ವರ್ಷ ಏಗಿದ್ದೀನಿ, ಅದಕ್ಕಿಂತ ಕಷ್ಟ ಇರುತ್ತಾ?"

"ತಮಾಷೆ ಅಲ್ಲ. ಮದುವೆನೂ ಅಲ್ಲ, ಒಂದೇ ಮನೆನೂ ಅಲ್ಲ. ಇದಕ್ಕೆ ಏನಂತ ಹೆಸರು? ಜನ ಕೇಳಿದ್ರೆ ಏನು ಹೇಳೋದು?"

"ಜನಕ್ಕೆ ಬೇಕಿದ್ರೆ ಅರ್ಜಿ ಹಾಕ್ಲಿ. ಪರಿಶೀಲಿಸೋಣ."

ಅಡುಗೆಮನೆಯಿಂದ ನಗು ಕೇಳಿಸಿತು. ನಾನು ನಗಲಿಲ್ಲ. ಬದಲಿಗೆ ಹೇಳಬಾರದ ಒಂದು ಮಾತನ್ನು ಹೇಳಿದೆ.

"ಅದು ಯಾರೋ ಬರೆದ ಕಥೆ ಅಕ್ಕ. ನೀನು ಅದನ್ನ ನಕಲು ಮಾಡಿದವಳು ಅಷ್ಟೇ. ಆ ಕಥೆನೇ ನಿನ್ನದು ಅಂತ ಅಂದ್ಕೊಂಡ್ರೆ ಹೇಗೆ?"

ಅಕ್ಕ ಅರ್ಜಿಯನ್ನು ಎತ್ತಿಕೊಂಡು, ಅಂಚಿಗೆ ಅಂಚು ಸೇರಿಸಿ ಮಡಿಸಿ, ತನ್ನ ಕೋಣೆಗೆ ಹೋದಳು. ಮರುದಿನ ಐದು ಗಂಟೆಗೆ ಅವಳು ಗೇಟಿಗೆ ಹೋಗಲಿಲ್ಲ. ಮೈ ಸರಿಯಿಲ್ಲವೆಂದು ನನ್ನ ಹೆಂಡತಿಯಿಂದ ಹೇಳಿ ಕಳಿಸಿದಳು. ಅದರ ಮರುದಿನವೂ ಅದೇ ಮಾತು. ಮೂರನೆಯ ದಿನ ಪೇಂಟರರು ಬರಲಿಲ್ಲ. ಮನೆಯಲ್ಲಿ ಎಂದಿನ ಕೆಲಸಗಳೆಲ್ಲ ಎಂದಿನಂತೆ ನಡೆದವು. ಅಕ್ಕ ನನ್ನ ಊಟದ ಡಬ್ಬಿ ಕಟ್ಟಿಕೊಟ್ಟಳು, ಹವಾಮಾನದ ಬಗ್ಗೆ ಮಾತಾಡಿದಳು. ಕೊನೆಯ ಭಾನುವಾರಕ್ಕೆ ನಾಲ್ಕು ದಿನ ಉಳಿದಿತ್ತು.

ಆ ನಾಲ್ಕು ದಿನಗಳಲ್ಲಿ ನಾನು ಹಳೆಯ ದಿನಚರಿಗಳನ್ನು ತೆಗೆದು ನೋಡಿದೆ. ಇಪ್ಪತ್ತಾರು ವರ್ಷಗಳ ಇಪ್ಪತ್ತಾರು ಪುಸ್ತಕಗಳು. 'ಅಕ್ಕ ಕಛೇರಿಗೆ ಒಂಬತ್ತೂ ಹತ್ತಕ್ಕೆ ಹೊರಟಳು', 'ಅಕ್ಕನಿಗೆ ನೆಗಡಿ', 'ಅಕ್ಕ ಹೊಸ ಕನ್ನಡಕ ತಂದಳು'. ಅವಳು ಏನನ್ನಾದರೂ ಬೇಕೆಂದು ಕೇಳಿದ ದಾಖಲೆ ಒಂದೇ ಕಡೆ ಸಿಕ್ಕಿತು, ಅದೂ ಹೋದ ವರ್ಷದ್ದು: 'ಬರೆಯಲು ಏನಾದರೂ ಕೊಡು ಎಂದಳು. ಗ್ರಂಥಾಲಯದ ಹಳೆಯ ಕಾರ್ಡುಗಳನ್ನು ತಂದುಕೊಟ್ಟೆ.' ನಾನು ಕೆಲಸ ಮಾಡುವ ಗ್ರಂಥಾಲಯದಲ್ಲಿ ಆ ಕಾರ್ಡುಗಳು ಯಾರಿಗೂ ಬೇಕಾಗಿರಲಿಲ್ಲ. ಅವಳು ಎಂಟುನೂರು ಕಾರ್ಡುಗಳನ್ನೂ ನಕಲು ಮಾಡಿ, ಪ್ರತಿಯೊಂದರ ಎಡ ಕೆಳಮೂಲೆಯಲ್ಲಿ ಸಹಿ ಹಾಕಿ ಕೊಟ್ಟಿದ್ದಳು. ನಾನು ಅವನ್ನು ಕಟ್ಟಿ ಅಟ್ಟಕ್ಕೆ ಹಾಕಿದ್ದೆ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಕ್ಕನ ಕೋಣೆಗೆ ಹೋದೆ. ಅವಳು ಇಳಿಜಾರು ಮೇಜಿನ ಮುಂದೆ ಕುಳಿತಿದ್ದಳು. ಮಸಿಯ ಶೀಷೆ ತೆರೆದಿತ್ತು. ಹಾಳೆಯ ಮೇಲೆ ಆಗಲೇ ಒಂದು ಸಾಲು ಇತ್ತು. ನಾನು ಅದನ್ನು ಓದದಂತೆ ಕಿಟಕಿಯ ಕಡೆ ನೋಡುತ್ತ ನಿಂತೆ.

"ಅವತ್ತು ನಾನು ಹಾಗೆ ಹೇಳ್ಬಾರ್ದಿತ್ತು ಅಕ್ಕ."

"ನೀನು ಹೇಳಿದ್ದು ನಿಜಾನೇ. ಅದಕ್ಕೇ ಕೋಪ ಬಂತು."

ಅವಳೇ ಮುಂದುವರಿಸಿದಳು.

"ಒಂದು ಸಾಲು ಬರೆದಿದ್ದೀನಿ. ಅದನ್ನೂ ನಿನ್ನ ಮಾತು ನೋಡ್ಕೊಂಡೇ ಬರೆದ ಹಾಗಿದೆ. ಅದು ನನ್ನದಲ್ಲ ಅನ್ನಿಸ್ತಿದೆ." ಟಾಕನ್ನು ಕೆಳಗಿಟ್ಟು ಕೇಳಿದಳು: "ನೀನು ದಿನಾ ಬರೀತೀಯಲ್ಲ, ಎದುರಿಗೆ ಏನೂ ಇಟ್ಕೊಳ್ದೆ. ಮೊದಲನೇ ಮಾತು ಹೇಗೆ ಬರುತ್ತೆ?"

"ತಾರೀಖು ಹಾಕ್ತೀನಿ. ಆಮೇಲೆ ಬಿಸಿಲಿತ್ತಾ ಮೋಡ ಇತ್ತಾ ಅಂತ ಬರೀತೀನಿ."

"ಇಷ್ಟೇನಾ? ನಾನು ಇಷ್ಟು ವರ್ಷ ನೀನೇನೋ ಘನಂದಾರಿ ವಿಷಯ ಬರೀತೀಯಾ ಅಂದ್ಕೊಂಡಿದ್ದೆ!"

ಆ ವಾರದಲ್ಲಿ ಅವಳು ನಕ್ಕದ್ದು ಅದೇ ಮೊದಲು. ನಾನು ಬಾಗಿಲು ಎಳೆದುಕೊಂಡು ಹೊರಗೆ ಬಂದೆ. ಎರಡು ಗಂಟೆಯಿಂದ ನಾಲ್ಕೂವರೆಯವರೆಗೆ ಒಳಗಿನಿಂದ ಟಾಕಿನ ಸದ್ದು ಬಿಟ್ಟು ಬಿಟ್ಟು ಕೇಳಿಸುತ್ತಿತ್ತು. ನಕಲು ಮಾಡುವಾಗ ಅವಳ ಟಾಕಿನ ಸದ್ದು ಒಂದೇ ಸಮನೆ ಇರುತ್ತದೆ. ಇದು ಹಾಗಿರಲಿಲ್ಲ. ಹಾಳೆ ಹರಿಯುವ ಸದ್ದಿಗಾಗಿ ನಾನು ಕಾದೆ. ಅದು ಬರಲಿಲ್ಲ.

ನಾಲ್ಕೂವರೆಗೆ ಅಕ್ಕ ಹಾಳೆಯನ್ನು ಎರಡು ಕೈಯಲ್ಲಿ ಅಡ್ಡಲಾಗಿ ಹಿಡಿದು ಹೊರಗೆ ಬಂದಳು. ಮಸಿ ಇನ್ನೂ ಒಣಗಿರಲಿಲ್ಲ.

"ನೋಡು," ಎಂದಳು.

ಹಾಳೆಯ ತಲೆಯಲ್ಲಿ ಮೊದಲು ಬರೆದಿದ್ದ ಸಾಲು, 'ಕ್ಷಮಿಸಿ, ನನ್ನಿಂದ ಆಗುವುದಿಲ್ಲ.' ಅದರ ಮೇಲೆ ಒಂದು ಗೀಟು ಎಳೆದಿತ್ತು. ಅದರ ಕೆಳಗೆ ತಾರೀಖು. ಆಮೇಲೆ, 'ಬಿಸಿಲಿದೆ. ಕಿಟಕಿಯಿಂದ ಅರ್ಧ ಮೇಜಿನವರೆಗೆ ಬಂದಿದೆ. ನಿಮ್ಮ ಕೋಣೆಯಲ್ಲಿ ಪೂರ್ತಿ ಬರುತ್ತದೆಯೇ ಎಂದು ನೋಡಬೇಕು. ನನಗೂ ನಿಮ್ಮನ್ನು ನೋಡದ ದಿನ ಸರಿಯಾಗಿ ಹೋಗುತ್ತಿಲ್ಲ. ಭಾನುವಾರಗಳು ತಮ್ಮನ ಮನೆಯಲ್ಲಿ. ಬೀಗದಕೈ ನನ್ನ ಬಳಿ. ಮೇಜು ನಾನೇ ತರುತ್ತೇನೆ.' ಇಷ್ಟರಲ್ಲಿ ಇನ್ನೂ ಎರಡು ಕಡೆ ಗೀಟುಗಳಿದ್ದವು. ಎಡ ಕೆಳಮೂಲೆ ಖಾಲಿಯಾಗಿತ್ತು.

ತಿದ್ದಿದ ಹಾಳೆಯನ್ನು ಅಕ್ಕನ ಕೈಯಲ್ಲಿ ನಾನು ಎಂದೂ ಕಂಡಿರಲಿಲ್ಲ. ಅಭ್ಯಾಸಬಲದಿಂದ ನನ್ನ ಬಾಯಿಗೆ ಬಂದ ಮಾತು ಇದು: "ಬೇರೆ ಹಾಳೆ ಕೊಡ್ಲಾ? ಐದಕ್ಕೆ ಇನ್ನೂ ಅರ್ಧ ಗಂಟೆ ಇದೆ."

"ಬೇಡ. ಮೊದಲು ಏನು ಬರೆದಿದ್ದೆ ಅಂತ ಅವರಿಗೂ ಗೊತ್ತಾಗ್ಲಿ," ಎಂದು ಅಕ್ಕ ಚಪ್ಪಲಿ ಮೆಟ್ಟಿದಳು.

ಜೊತೆಗೆ ಬರಲೇ ಎಂದು ಕೇಳಿದೆ. ಮೂರು ಬೀದಿ ತಾನೇ ಎಂದಳು. ಹಾಳೆ ಮಡಿಸಿದರೆ ಮಸಿ ಹತ್ತಿಕೊಳ್ಳುತ್ತದೆಂದು ಅದನ್ನು ಹಾಗೆಯೇ ಅಡ್ಡಲಾಗಿ ಹಿಡಿದುಕೊಂಡು, ನೀರು ತುಂಬಿದ ತಟ್ಟೆಯನ್ನು ಒಯ್ಯುವವಳಂತೆ ನಡೆದು ತಿರುವಿನಲ್ಲಿ ಮರೆಯಾದಳು. ಎದುರು ಮನೆಯ ಜಗಲಿಯಲ್ಲಿ ಕುಳಿತಿದ್ದವರು, "ಎಲ್ಲಿಗೆ ಹೊರಟ್ರು ನಿಮ್ಮಕ್ಕ?" ಎಂದು ಕೇಳಿದರು.

"ಅರ್ಜಿ ಹಾಕಿ, ಪರಿಶೀಲಿಸ್ತಾರೆ," ಎಂದು ನನ್ನ ಹೆಂಡತಿ ಒಳಗಿನಿಂದ ಕೂಗಿದಳು. ಅವರಿಗೆ ಅರ್ಥವಾಗಲಿಲ್ಲ. ನಾನು ವಿವರಿಸಲಿಲ್ಲ.

ಮುಂದಿನ ಶನಿವಾರ ಪೇಂಟರರೂ ನಾನೂ ಸೇರಿ ಇಳಿಜಾರು ಮೇಜನ್ನು ಅಂಗಡಿಯ ಪಕ್ಕದ ಮೆಟ್ಟಿಲುಗಳ ಮೇಲೆ ಹತ್ತಿಸಿದೆವು. ಹದಿನೇಳು ಮೆಟ್ಟಿಲು. ಅವರು ಎಡಗೈ ಮುಂದೆ ಮಾಡಿ ಹಿಡಿಯುತ್ತಿದ್ದುದರಿಂದ ಮಧ್ಯದ ತಿರುವಿನಲ್ಲಿ ಮೇಜು ಎರಡು ಸಲ ಗೋಡೆಗೆ ಸಿಕ್ಕಿಕೊಂಡಿತು. ಮೇಲಿನ ಮೆಟ್ಟಿಲಲ್ಲಿ ನಿಂತಿದ್ದ ಅಕ್ಕ, "ಇಬ್ರೂ ಒಟ್ಟಿಗೆ ಎಳೀಬೇಡಿ. ಒಬ್ರು ತಾಳಿ, ಒಬ್ರು ಎತ್ತಿ," ಎಂದು ಹೇಳಿಕೊಟ್ಟಳು. ಮೇಜು ಬಂತು.

ಕೋಣೆಯಲ್ಲಿ ಬೆಳಕು ಅರ್ಜಿಯಲ್ಲಿ ಬರೆದಷ್ಟೇ ಇತ್ತು. ಅಕ್ಕ ಮೇಜನ್ನು ಕಿಟಕಿಗೆ ಹಾಕಿಸಿ, ಮುಂದೆ ತನ್ನ ಕುರ್ಚಿ ಇಟ್ಟು, ಅದರ ಬಲಕ್ಕೆ ಇನ್ನೊಂದು ಕುರ್ಚಿ ಇಟ್ಟಳು. ಪೇಂಟರರು ಮಸಿಯ ಶೀಷೆ ತರಲು ಕೆಳಗೆ ಹೋಗಿದ್ದರು. ನಾನು ಎರಡು ಕುರ್ಚಿಗಳನ್ನೂ ನೋಡಿ, "ಅವರದ್ದು ಎಡಗಡೆ ಹಾಕಿದ್ರೆ ಮೊಳಕೈ ತಾಗಲ್ಲ ಅಲ್ವಾ ಅಕ್ಕ?" ಎಂದೆ.

ಅಕ್ಕ ಮೇಜಿನ ಹಲಗೆಯನ್ನು ಅಂಗೈಯಿಂದ ಒಮ್ಮೆ ಒರೆಸಿದಳು.

"ನಂಗೊತ್ತಿಲ್ವೇನೋ ಅದು? ಅಲ್ಲೇ ಇರ್ಲಿ ಬಿಡು."